ಗುರುಗಳು ಬರುವುದಕ್ಕೆ ಮುಂಚೆ

ಹಳೆಯ ದೇವಾಲಯಗಳ ಜ್ಞಾನಸ್ನಾನದ ದಫ್ತರಗಳನ್ನು ತಿರುವಿಹಾಕಿದವರಿಗೆ ಒಂದು ಲತೀನ್ ಮಾತು ಅಲ್ಲಲ್ಲಿ ಕಣ್ಣಿಗೆ ಬೀಳದೆ ಇರದು: ‘ಇನ್ ಪೆರಿಕುಲೊ ಮೊರ್ತಿಸ್’. ‘ಪ್ರಾಣಾಪಾಯದಲ್ಲಿ’ ಎಂದು ಅದರ ಅರ್ಥ. ಇಂಥ ಟಿಪ್ಪಣಿಯಿರುವ ಕಡೆಗಳಲ್ಲಿ ಜ್ಞಾನಸ್ನಾನ ಕೊಟ್ಟವರ ಹೆಸರಿನ ಜಾಗದಲ್ಲಿ ಎಷ್ಟೋ ಬಾರಿ ಗುರುಗಳ ಹೆಸರಿರುವುದಿಲ್ಲ. ಉಪದೇಶಿಯ ಹೆಸರಿರುತ್ತದೆ, ಸೂಲಗಿತ್ತಿಯ ಹೆಸರಿರುತ್ತದೆ, ಇಲ್ಲವೇ ನೆರೆಮನೆಯ ಮುದುಕಿಯೊಬ್ಬಳ ಹೆಸರಿರುತ್ತದೆ. ಕೂಸು ಬದುಕಿ ಉಳಿದಿದ್ದರೆ ಪಕ್ಕದಲ್ಲಿ ಇನ್ನೊಂದು ತಾರೀಖು ಇರುತ್ತದೆ. ಅಂದು ಗುರುಗಳು ಬಂದು ಮಿಕ್ಕ ವಿಧಿಗಳನ್ನು ಪೂರೈಸಿದರೆಂದು ತಿಳಿಯಬೇಕು. ಎರಡನೆಯ ತಾರೀಖು ಇಲ್ಲದ ಸಾಲುಗಳೂ ಇವೆ.

ದೇವಾಲಯವೊಂದು ನೂರು ವರ್ಷಗಳನ್ನು ಪೂರೈಸಿದ ಸಂತೋಷದ ಸಮಯದಲ್ಲಿ ಸಾವಿನ ಮಾತನ್ನೇಕೆ ಎತ್ತಿದಿರಿ ಎಂದು ವಾಚಕರು ಕೇಳಬಹುದು. ಆ ಸಾಲುಗಳೊಳಗೆ ನಮ್ಮ ನಾಡಿನ ಧರ್ಮಸಭೆಯ ಇತಿಹಾಸದ ಒಂದು ಮುಖ್ಯ ಅಧ್ಯಾಯವೇ ಅಡಗಿದೆಯೆಂಬುದು ನಮ್ಮ ಉತ್ತರ. ಗೋಪುರ ಎಬ್ಬಿಸಿದವರ, ಗಂಟೆ ತರಿಸಿದವರ, ಪೀಠ ಕಟ್ಟಿಸಿದವರ ಹೆಸರುಗಳು ಇಂಥ ಸಂಚಿಕೆಗಳಲ್ಲಿ ಸಹಜವಾಗಿಯೇ ಬರುತ್ತವೆ. ಆಯುಷ್ಯ ನೆಚ್ಚುವಂಥದ್ದಲ್ಲವೆಂದು ಅರಿತು, ನಾಳೆಗೆ ಕಾಯದೆ, ತಮಗೆ ತಿಳಿದ ವಿಶ್ವಾಸವನ್ನು ಕೈಗೆ ಸಿಕ್ಕಿದವರಿಗೆ ದಾಟಿಸಿದ ಸಾಮಾನ್ಯ ಜನರ ಮಾತು ಬರುವುದು ಅಪರೂಪ.

ಪ್ರಾಣಾಪಾಯದ ವೇಳೆಯಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂಬುದು ಹೊಸದಾಗಿ ಹುಟ್ಟಿದ ನಿಯಮವಲ್ಲ. 1439ರಲ್ಲಿ ಫ್ಲಾರೆನ್ಸ್ ಮಹಾಸಭೆ ಇದನ್ನು ಸ್ಪಷ್ಟಪಡಿಸಿತು. ಅಗತ್ಯ ಬಿದ್ದಾಗ ಗುರು, ಉಪಯಾಜಕರಷ್ಟೇ ಅಲ್ಲದೆ ಶ್ರೀಸಾಮಾನ್ಯ ಪುರುಷನೂ ಸ್ತ್ರೀಯೂ, ಅಷ್ಟೇಕೆ, ಕ್ರೈಸ್ತನಲ್ಲದವನೂ ಸಹ ಧರ್ಮಸಭೆಯ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟುಕೊಂಡು ನೀರೆರೆದು, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮವನ್ನು ಉಚ್ಚರಿಸಿದರೆ ಆ ಸಂಸ್ಕಾರ ಸಿಂಧುವೆಂದು ಅದು ಸಾರಿತು. 1983ರ ಧರ್ಮಸಭಾ ಶಾಸನವೂ ಇದನ್ನೇ ಉಳಿಸಿಕೊಂಡಿದೆ. ಬೇರೆ ಯಾವ ಸಂಸ್ಕಾರಕ್ಕೂ ಇಷ್ಟು ಅಗಲವಾಗಿ ಬಾಗಿಲು ತೆರೆದಿಲ್ಲ. ಮರಣ ಗುರುಗಳ ಬರವನ್ನು ಕಾಯದೆಂಬುದನ್ನು ಧರ್ಮಸಭೆ ಬಲ್ಲದು. ಆದ್ದರಿಂದಲೇ ಯಾರು ಹತ್ತಿರವಿರುವರೋ ಅವರ ಕೈಗೆ ಈ ಅಧಿಕಾರವನ್ನು ಕೊಟ್ಟಿತು.

ಈ ನಿಯಮ ನಮ್ಮ ದೇಶದಲ್ಲಿ ಯಾವ ರೂಪ ತಾಳಿತೆಂಬುದನ್ನು ನೋಡಲು ಸಂತ ಫ್ರಾನ್ಸಿಸ್ ಕ್ಸೇವಿಯರರಿಂದ ಹೊರಡುವುದು ಉಚಿತ. 1542ರ ಮೇ 6ರಂದು ಗೋವೆಯಲ್ಲಿ ಬಂದಿಳಿದ ಈ ನವಾರ್ರ ನಾಡಿನ ಗುರುಗಳಿಗೆ ಆಗ ಮೂವತ್ತಾರು ವಯಸ್ಸು. ಅದೇ ವರ್ಷದ ಕೊನೆಯಲ್ಲಿ ಅವರು ತಮಿಳು ನಾಡಿನ ಮುತ್ತಿನ ಕರಾವಳಿಗೆ ಹೋದರು. ಅಲ್ಲಿಯ ಪರವ ಬೆಸ್ತರು ಕೆಲವು ವರ್ಷಗಳ ಹಿಂದೆಯೇ ಜ್ಞಾನಸ್ನಾನ ಪಡೆದಿದ್ದರೂ ಅವರ ಭಾಷೆ ಬಲ್ಲ ಗುರುಗಳಿರಲಿಲ್ಲ. ತಾವು ಕ್ರೈಸ್ತರೆಂಬುದರ ಹೊರತು ಅವರಿಗೆ ಹೆಚ್ಚೇನೂ ತಿಳಿದಿರಲಿಲ್ಲ. ಕ್ಸೇವಿಯರರಿಗೆ ತಮಿಳು ಬಾರದು. ಎರಡೂ ಭಾಷೆ ಬಲ್ಲ ಕೆಲವರನ್ನು ಕೂಡಿಸಿಕೊಂಡು, ಶಿಲುಬೆಯ ಗುರುತು, ವಿಶ್ವಾಸ ಪ್ರಮಾಣ, ಪರಲೋಕ ಜಪ, ನಮೋ ಮರಿಯ, ಹತ್ತು ಕಟ್ಟಳೆಗಳು ಇಷ್ಟನ್ನೂ ತಮಿಳಿಗೆ ತಂದು, ಬಾಯಿಪಾಠ ಮಾಡಿ, ಕೈಗಂಟೆ ಬಾರಿಸುತ್ತ ಬೀದಿಬೀದಿಯಲ್ಲಿ ಮಕ್ಕಳನ್ನು ಕೂಡಿಸಿದರು.

ಊರುಗಳು ಬಹಳ, ಗುರುಗಳು ಒಬ್ಬರು. ಒಂದೂರಿನಲ್ಲಿ ರೋಗಿಯೊಬ್ಬನ ಬಳಿಗೆ ಹೋಗುವಷ್ಟರಲ್ಲಿ ಮತ್ತೆರಡು ಕಡೆಯಿಂದ ಕರೆ ಬರುತ್ತಿತ್ತು. ಆಗ ಅವರು ಮಾಡಿದ ಉಪಾಯ ಗಮನಾರ್ಹವಾದುದು. ಜಪಗಳನ್ನು ಕಲಿತ ಮಕ್ಕಳನ್ನೇ ತಮ್ಮ ಬದಲಿಗೆ ಕಳುಹಿಸಿದರು. ಆ ಮಕ್ಕಳು ರೋಗಿಯ ಮನೆಯವರನ್ನೂ ನೆರೆಯವರನ್ನೂ ಕೂಡಿಸಿ, ವಿಶ್ವಾಸ ಪ್ರಮಾಣವನ್ನು ಎಲ್ಲರಿಂದಲೂ ಹೇಳಿಸಿ, ರೋಗಿಗೆ ಧೈರ್ಯ ತುಂಬಿ ಬರುತ್ತಿದ್ದರು. ಊರೂರಿಗೆ ಒಬ್ಬೊಬ್ಬ ‘ಕಣಕ್ಕಪಿಳ್ಳೈ’ಯನ್ನು ನೇಮಿಸಿ, ಜಪಗಳ ಒಂದು ಪ್ರತಿಯನ್ನು ಕೊಟ್ಟು, ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ಜ್ಞಾನಸ್ನಾನ ಕೊಡುವ ಮಾತುಗಳನ್ನು ತಪ್ಪಿಲ್ಲದೆ ಹೇಳಲು ಕಲಿಸಿದರು. ಇವರ ಸಂಬಳಕ್ಕೆ ಪೋರ್ಚುಗಲ್ಲಿನ ರಾಣಿ ಕ್ಯಾಥರೀನಳ ಪಾದರಕ್ಷೆಯ ಖರ್ಚಿಗೆಂದು ಮೀಸಲಾಗಿದ್ದ ಹಣ ಬಂದಿತು. ಈ ಮಕ್ಕಳಿಗಿಂತ ಒಳ್ಳೆಯ ಪಾದರಕ್ಷೆ ತಮಗೆ ಸ್ವರ್ಗದ ದಾರಿಯಲ್ಲಿ ಸಿಕ್ಕದೆಂಬ ಅರ್ಥದ ಮಾತನ್ನು ಕ್ಸೇವಿಯರರು ರಾಣಿಗೆ ಬರೆದರಂತೆ. ನಮ್ಮ ಹಳ್ಳಿಗಳ ‘ಉಪದೇಶಿ’ಗಳ ವಂಶವೃಕ್ಷವನ್ನು ಹುಡುಕಿದರೆ ಅದರ ಬೇರು ಆ ಕಡಲ ತೀರದಲ್ಲಿಯೇ ಸಿಕ್ಕೀತು.

1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ತಾವು ಓದಿದ ಪ್ಯಾರಿಸ್ಸಿನ ವಿಶ್ವವಿದ್ಯಾಲಯಕ್ಕೆ ಹೋಗಿ ಬುದ್ಧಿ ಕೆಟ್ಟವನಂತೆ ಕೂಗಿ, ಪಾಂಡಿತ್ಯವಿದ್ದೂ ಪ್ರೀತಿಯಿಲ್ಲದ ವಿದ್ವಾಂಸರನ್ನು ಎಚ್ಚರಿಸುವ ಆಸೆಯಾಗುತ್ತಿದೆಯೆಂದು ಅವರು ತೋಡಿಕೊಂಡಿದ್ದಾರೆ. ಅದೇ ವರ್ಷದ ಅಂತ್ಯದಲ್ಲಿ ತಿರುವಾಂಕೂರಿನ ತೀರದಲ್ಲಿ ಒಂದೇ ತಿಂಗಳಿನಲ್ಲಿ 10,000ಕ್ಕೂ ಹೆಚ್ಚು ಮಂದಿಗೆ ಜ್ಞಾನಸ್ನಾನ ಕೊಟ್ಟುದಾಗಿ ಅವರೇ ಬರೆದರು. ಇಷ್ಟು ಅವಸರದ ಜ್ಞಾನಸ್ನಾನಕ್ಕೆ ಸಾಕಷ್ಟು ಉಪದೇಶ ಎಲ್ಲಿತ್ತು ಎಂಬ ಆಕ್ಷೇಪವನ್ನು ಇತಿಹಾಸಕಾರರು ಎತ್ತಿದ್ದಾರೆ. ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಅವರು ಕೈತೊಳೆದುಕೊಂಡು ಮುಂದಿನೂರಿಗೆ ನಡೆದವರಲ್ಲವೆಂಬುದನ್ನೂ ಅದರ ಜೊತೆಗೇ ಹೇಳಬೇಕು. ಅವಸರದಲ್ಲಿ ನೆಟ್ಟುದಕ್ಕೆ ನೀರೆರೆಯಲು ಅವರು ಊರಿನವರನ್ನೇ ಇರಿಸಿ ಹೋದರು. ಆ ತೀರದ ವಿಶ್ವಾಸ ಇಂದಿಗೂ ಬಾಡಿಲ್ಲ. ಅವರಿಗೋ, ಕಾಲ ನಿಜವಾಗಿಯೂ ಕಡಿಮೆಯಿತ್ತು. 1552ರ ಡಿಸೆಂಬರ್ 3ರಂದು, ಚೀನಾ ದೇಶದ ಬಾಗಿಲಲ್ಲಿ, ಷಾಂಗ್‌ಚುವಾನ್ ದ್ವೀಪದ ಗುಡಿಸಲೊಂದರಲ್ಲಿ ಜ್ವರದಿಂದ ಅವರು ತೀರಿಕೊಂಡಾಗ ವಯಸ್ಸು ನಲವತ್ತಾರು. ಭಾರತಕ್ಕೆ ಬಂದು ಇನ್ನೂ ಹನ್ನೊಂದು ವರ್ಷ ತುಂಬಿರಲಿಲ್ಲ. ಬಳಿಯಲ್ಲಿ ಗುರುಗಳಾರೂ ಇರಲಿಲ್ಲ. ಕೊನೆಯವರೆಗೂ ಜೊತೆಗಿದ್ದವನು ಆಂತೋನಿ ಎಂಬ ಚೀನೀ ಕ್ರೈಸ್ತ ಯುವಕ. ಎಷ್ಟೋ ಮರಣಶಯ್ಯೆಗಳಿಗೆ ತಮ್ಮ ಬದಲು ಸಾಮಾನ್ಯರನ್ನು ಕಳುಹಿಸಿದ್ದ ಸಂತರ ಮರಣಶಯ್ಯೆಯ ಬಳಿಯಲ್ಲೂ ಸಾಮಾನ್ಯನೊಬ್ಬನೇ ಇದ್ದನು.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಿಬಿಡುತ್ತೇವೆ. ನಮ್ಮ ಹಳ್ಳಿಗಳಲ್ಲಿ ಚೌರಪ್ಪ, ಶೌರಪ್ಪ ಎಂಬ ಹೆಸರುಗಳುಂಟು. ಅವು ಕ್ಸೇವಿಯರ್ ಎಂಬುದರ ರೂಪಗಳೇ. ಇನ್ನಾಸಪ್ಪನೆಂದರೆ ಇಗ್ನೇಷಿಯಸ್, ರಾಯಪ್ಪನೆಂದರೆ ಪೇತ್ರ, ಚಿನ್ನಪ್ಪನೆಂದರೆ ಪೌಲ, ಅರುಳಪ್ಪನೆಂದರೆ ಯೊವಾನ್ನ. ಈ ಹೆಸರುಗಳಲ್ಲಿ ಹಲವು ತಮಿಳಿನ ಹಾದಿಯಾಗಿ ಕನ್ನಡದ ಮನೆಗಳನ್ನು ಹೊಕ್ಕವು. ಪಂಡಿತರು ಕುಳಿತು ಅನುವಾದಿಸಿದ ಹೆಸರುಗಳಂತೆ ಇವು ತೋರುವುದಿಲ್ಲ. ಬಾಯಿಂದ ಬಾಯಿಗೆ ದಾಟುತ್ತ ಸವೆದು ದುಂಡಗಾದ ಹೆಸರುಗಳು ಇವು. ವಿಶ್ವಾಸ ಬಂದ ದಾರಿಯೂ ಅದೇ.

ಕನ್ನಡ ನಾಡಿನ ಒಳಭಾಗಕ್ಕೆ ಬಂದರೆ, 17ನೇ ಶತಮಾನದ ನಡುಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ತಳಹದಿ ಹಾಕಿದರು. ಕನ್ನಡ ಕಲಿತು, ಆ ಭಾಷೆಯಲ್ಲಿ ಧರ್ಮೋಪದೇಶದ ಬರಹಗಳನ್ನು ಸಿದ್ಧಪಡಿಸಿದರು. ಅವರ ನಂತರದ ನೂರು ವರ್ಷಗಳನ್ನು ನಾವು ಬೇಗನೆ ದಾಟುತ್ತೇವೆ. 1773ರಲ್ಲಿ ಯೇಸುಸಭೆಯೇ ರದ್ದಾಯಿತು. ಬರುವ ಗುರುಗಳ ಸಂಖ್ಯೆ ಕುಗ್ಗಿತು. ಅದಾದ ಕೆಲವೇ ವರ್ಷಗಳಲ್ಲಿ, 1784ರ ಆರಂಭದಲ್ಲಿ, ತಪಸ್ಸುಕಾಲ ಮೊದಲಾಗುವ ಸುಮಾರಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕೊಂಕಣಿ ಕಥೋಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಒಯ್ದವರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. 30,000 ಎನ್ನುವವರಿದ್ದಾರೆ, 80,000 ಎನ್ನುವವರೂ ಇದ್ದಾರೆ. ಗುರುಗಳನ್ನು ಗಡೀಪಾರು ಮಾಡಲಾಯಿತು, ದೇವಾಲಯಗಳನ್ನು ಕೆಡವಲಾಯಿತು. 1799ರ ಮೇ 4ರಂದು ಕೋಟೆ ಬೀಳುವವರೆಗಿನ ಹದಿನೈದು ವರ್ಷಗಳಲ್ಲಿ ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರೆಷ್ಟೋ. ಬದುಕಿದವರು ಹಿಂತಿರುಗಿ ಮತ್ತೆ ದೇವಾಲಯಗಳನ್ನು ಕಟ್ಟಿಕೊಂಡರು. ಬಹುಪಾಲು ಗುರುಗಳಿಲ್ಲದೆ ಕಳೆದ ಆ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಶಿಲುಬೆಯ ಗುರುತನ್ನು ಕಲಿಸಿದವರಾರು? ತಾಯಂದಿರಲ್ಲದೆ ಇನ್ನಾರಿರಬೇಕು?

ಕೋಟೆ ಬಿದ್ದ ಮೇಲೆ ಚದುರಿದ ಕ್ರೈಸ್ತರನ್ನು ಒಂದುಗೂಡಿಸಲು ಬಂದವರು ಫ್ರಾನ್ಸ್ ದೇಶದ ಅಬ್ಬೆ ದ್ಯುಬುವಾ. ಸ್ವದೇಶದಲ್ಲಿ ಮಹಾಕ್ರಾಂತಿ ಗುರುಗಳ ತಲೆಯ ಮೇಲೆ ಕತ್ತಿಯಾಗಿ ತೂಗುತ್ತಿದ್ದಾಗ, 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹೊರಟವರು ಅವರು. ದೇಶೀಯ ಉಡುಪು ತೊಟ್ಟು, ತಲೆಗೆ ಪೇಟ ಸುತ್ತಿ, ಜನರ ನಡುವೆ ಜನರಂತೆಯೇ ಬಾಳಿದ ಇವರನ್ನು ನಮ್ಮವರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು. ಬಲವಂತಕ್ಕೆ ಸಿಕ್ಕಿ ಮತ ತೊರೆದಿದ್ದವರನ್ನು ಧರ್ಮಸಭೆಗೆ ಮರಳಿ ಸೇರಿಸಿಕೊಂಡರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನ ದೇವಾಲಯ, ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ನಿರ್ಗತಿಕ ಕ್ರೈಸ್ತರಿಗಾಗಿ ನೆಲೆಗೊಳಿಸಿದ ಬೇಸಾಯದ ಊರು, ಇವೆರಡೂ ಅವರ ಹೆಸರನ್ನು ಹೇಳುತ್ತವೆ. ವಿದ್ವಾಂಸರ ಲೋಕ ಅವರನ್ನು ನೆನೆಯುವುದು 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಹಿಂದೂ ಜನರ ಆಚಾರವಿಚಾರಗಳನ್ನು ಕುರಿತ ಗ್ರಂಥದಿಂದ. ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಯೇಸುಸಭೆಯ ಗುರುಗಳ ಬರಹವನ್ನು ಆಧರಿಸಿದ್ದೆಂದು ಈಚಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ನಮಗೆ ಆ ಗ್ರಂಥಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಇನ್ನೊಂದು ಕೆಲಸ.

ಅದು ಸಿಡುಬಿನ ಕಾಲ. ಊರಿಗೆ ‘ಅಮ್ಮ’ ಬಂದಳೆಂದರೆ ತೊಟ್ಟಿಲುಗಳು ಬರಿದಾಗುತ್ತಿದ್ದವು. ಉಳಿದವರಲ್ಲಿ ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಗೋವಿನ ಸಿಡುಬಿನ ಕೀವಿನಿಂದ ಈ ರೋಗವನ್ನು ತಡೆಯಬಹುದೆಂದು ಇಂಗ್ಲೆಂಡಿನ ವೈದ್ಯ ಜೆನ್ನರ್ 1798ರಲ್ಲಿ ಪ್ರಕಟಿಸಿದನು. ಭಾರತದಲ್ಲಿ ಮೊದಲ ಬಾರಿಗೆ ‘ದೇವಿ ಹಾಕಿದ್ದು’ 1802ರ ಜೂನ್ 14ರಂದು, ಮುಂಬಯಿಯಲ್ಲಿ, ಮೂರು ವರ್ಷದ ಒಬ್ಬ ಹೆಣ್ಣು ಮಗುವಿಗೆ. ಅದಾದ ಒಂದೆರಡು ವರ್ಷಗಳಲ್ಲಿಯೇ ದ್ಯುಬುವಾ ಅವರು ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಕೈಯಿಕ್ಕಿದರು. ಜನರ ಭೀತಿಯನ್ನೂ ವಿರೋಧವನ್ನೂ ಎದುರಿಸಿ, 1803-04ರಲ್ಲಿ 25,432 ಮಂದಿಗೆ ದೇವಿ ಹಾಕಿಸಿದ ಲೆಕ್ಕ ದಾಖಲೆಯಲ್ಲಿ ಉಳಿದಿದೆ. ಅವರಲ್ಲಿ ಕ್ರೈಸ್ತರೆಷ್ಟು, ಇತರರೆಷ್ಟು ಎಂಬುದನ್ನು ಸಿಡುಬು ಕೇಳದು. ದೊಡ್ಡ ಸ್ವಾಮಿಯವರೂ ಕೇಳಿರಲಾರರು.

ದೇವಿ ಹಾಕುವ ಅಂದಿನ ವಿಧಾನವನ್ನು ಸ್ವಲ್ಪ ವಿವರಿಸಬೇಕು. ಈಗಿನಂತೆ ಮದ್ದನ್ನು ಸೀಸೆಯಲ್ಲಿಟ್ಟು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಾಪಾಡುವ ಅನುಕೂಲವಿರಲಿಲ್ಲ. ಒಬ್ಬ ಮಗುವಿನ ತೋಳಿನಲ್ಲಿ ಗೀರಿ ಹಾಕಿದ ದೇವಿ ಗುಳ್ಳೆಯಾಗಿ ಏಳುತ್ತಿತ್ತು. ಸುಮಾರು ಎಂಟನೆಯ ದಿನ ಆ ಗುಳ್ಳೆಯ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕು. ಅಲ್ಲಿಂದ ಎಂಟು ದಿನಕ್ಕೆ ಮತ್ತೊಂದಕ್ಕೆ. ಒಣಗಿಸಿ ದಾರದಲ್ಲೋ ಗಾಜಿನ ತುಂಡುಗಳ ನಡುವೆಯೋ ಇಟ್ಟು ಸಾಗಿಸುತ್ತಿದ್ದುದೂ ಉಂಟು. ನಮ್ಮ ದೇಶದ ಬಿಸಿಲಿನಲ್ಲಿ ಅದು ಬೇಗನೆ ಸತ್ವಗುಂದುತ್ತಿತ್ತು. ಯೂರೋಪಿನಿಂದ ಅದು ಮುಂಬಯಿಗೆ ತಲಪಿದ್ದು ಬಾಗ್ದಾದ್, ಬಸ್ರಾ ಮಾರ್ಗವಾಗಿ. ಒಂದು ವಾರ ಉದಾಸೀನ ಮಾಡಿ, ಹೊಸ ತೋಳು ಸಿಕ್ಕದೆ ಹೋಯಿತೆಂದರೆ ಸರಪಳಿ ಕಡಿದುಹೋಗುವುದು. ಮತ್ತೆ ದೂರದ ಊರಿನಿಂದ ತರಿಸಬೇಕು. ಪಡೆದವರು ಕೊಡದಿದ್ದರೆ ಪಡೆದದ್ದು ಅವರಲ್ಲಿಯೇ ಮುಗಿದುಹೋಗುವುದು. ಈ ಸರಪಳಿಯನ್ನು ವರ್ಷಗಟ್ಟಲೆ ಕಾಪಾಡಿದವರು ಜ್ಞಾನಸ್ನಾನದ ವಿಷಯದಲ್ಲಿಯೂ ಅದೇ ಕಾತರದಿಂದ ಊರೂರು ಅಲೆದ ಗುರುಗಳೆಂಬುದು ನಮಗೆ ಆಕಸ್ಮಿಕವೆನಿಸುವುದಿಲ್ಲ. 1980ರಲ್ಲಿ ಸಿಡುಬು ಭೂಮಿಯಿಂದಲೇ ಅಳಿಯಿತೆಂದು ಘೋಷಣೆಯಾದಾಗ ದೊಡ್ಡ ಸ್ವಾಮಿಯವರ ಹೆಸರನ್ನು ನೆನೆದವರು ಕಡಿಮೆ.

ಇಷ್ಟೆಲ್ಲ ಮಾಡಿದವರು ಕೊನೆಗೆ ಹೇಳಿದ ಮಾತು ಕಹಿಯಾಗಿತ್ತು. 1823ರಲ್ಲಿ ಪ್ರಕಟವಾದ ಅವರ ಪತ್ರಗಳಲ್ಲಿ, ಈ ದೇಶದ ಜನರನ್ನು ಕ್ರೈಸ್ತರನ್ನಾಗಿಸುವ ಕಾಲ ಕಳೆದುಹೋಯಿತೆಂದೂ ತಮ್ಮ ಶ್ರಮಕ್ಕೆ ದೊರೆತ ಫಲ ಅತ್ಯಲ್ಪವೆಂದೂ ಬರೆದರು. ಅದೇ ವರ್ಷ ಅವರು ಪ್ಯಾರಿಸ್ಸಿಗೆ ಮರಳಿ, ಹೊಸ ಮಿಷನರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಸೇವೆ ಸಲ್ಲಿಸಿ 1848ರಲ್ಲಿ ತೀರಿಕೊಂಡರು. ಫಲವಿಲ್ಲವೆಂದು ಬರೆದ ಕೈಯೇ ಫಲಕ್ಕಾಗಿ ಹೊರಡುವವರನ್ನು ಹರಸಿ ಕಳುಹಿಸಿತು. ಅವರ ನಿರಾಶೆ ಅಕಾಲಿಕವೆಂದು ನಮ್ಮ ಅಭಿಪ್ರಾಯ. ಎಷ್ಟು ಜನ ಸೇರಿದರೆಂದು ಎಣಿಸುತ್ತ ಕುಳಿತವರಿಗೆ ಅದು ಹಾಗೆ ಕಂಡೀತು. ಅವರು ಒಗ್ಗೂಡಿಸಿದ ಸಣ್ಣ ಸಣ್ಣ ಮಂದೆಗಳೇ ಮುಂದಿನ ಮೈಸೂರು ಧರ್ಮಪ್ರಾಂತಕ್ಕೆ ಬೀಜವಾದವು.

ನಮ್ಮ ಅಜ್ಜಂದಿರ ಬಾಯಲ್ಲಿದ್ದ ಧಾತು-ಈಶ್ವರ ಸಂವತ್ಸರಗಳ ಬರ, ಅಂದರೆ 1876-78ರ ಮಹಾಕ್ಷಾಮ, ಈ ಕಥೆಯ ಮತ್ತೊಂದು ಘಟ್ಟ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷವಿದ್ದುದು 1881ರ ಗಣತಿಯಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಅನಾಥ ಮಕ್ಕಳನ್ನು ಮಿಷನ್ನಿನ ಮನೆಗಳು ಎತ್ತಿಕೊಂಡವು. ನೆಲಮಂಗಲದ ಹತ್ತಿರದ ಸಿಲುವೆಪುರದಂಥ ಊರುಗಳು ಆ ಕ್ಷಾಮದ ಹಿನ್ನೆಲೆಯಲ್ಲಿಯೇ ನೆಲೆಗೊಂಡವು. ಗಂಜಿಗಾಗಿ ಮತ ಬದಲಿಸಿದರೆಂದು ಹೀಯಾಳಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಹಸಿದವನ ಮುಂದೆ ಅನ್ನವನ್ನು ಹಿಡಿದು ಷರತ್ತು ಹಾಕುವುದು ಸುವಾರ್ತೆಗೆ ಅಪಚಾರ. ಅದನ್ನು ಯಾರೇ ಎಲ್ಲಿಯೇ ಮಾಡಿದ್ದರೂ ನಾವು ಸಮರ್ಥಿಸೆವು. ಸಾಯುತ್ತಿದ್ದ ಪರರ ಕೂಸುಗಳಿಗೆ ಹೆತ್ತವರ ಅರಿವಿಲ್ಲದೆ ಜ್ಞಾನಸ್ನಾನ ಕೊಡುತ್ತಿದ್ದ ಅಂದಿನ ರೂಢಿಯನ್ನೂ ಇಂದು ನಾವು ಒಪ್ಪಲಾರೆವು. ಆದರೆ ಗಂಜಿ ಕುಡಿದು ಬದುಕಿದವರ ಮಕ್ಕಳು ಬರ ಹೋದ ಮೇಲೂ, ಗಂಜಿಯ ಹಂಗು ಹರಿದ ಮೇಲೂ, ನಾಲ್ಕೈದು ತಲೆಮಾರು ಅದೇ ವಿಶ್ವಾಸದಲ್ಲಿ ನಿಂತಿದ್ದಾರೆ. ಅದಕ್ಕೆ ಹೀಯಾಳಿಕೆಯವರಲ್ಲಿ ಉತ್ತರವಿಲ್ಲ.

ಅಂದಿನವರ ತ್ವರೆಗೆ ಒಂದು ಭಯವೂ ಕಾರಣವಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಜ್ಞಾನಸ್ನಾನವಿಲ್ಲದೆ ಸತ್ತ ಕೂಸು ದೇವದರ್ಶನದಿಂದ ವಂಚಿತವಾಗುವುದೆಂದು ತಾಯಂದಿರು ನಡುಗುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನರಿಯದೆಯೇ ಪ್ರಾಮಾಣಿಕ ಹೃದಯದಿಂದ ದೇವರನ್ನು ಅರಸುವವರಿಗೂ ರಕ್ಷಣೆ ಸಾಧ್ಯವೆಂದು ಬೋಧಿಸಿತು. ಜ್ಞಾನಸ್ನಾನವಿಲ್ಲದೆ ಮಡಿದ ಕೂಸುಗಳ ವಿಷಯದಲ್ಲಿ ಭರವಸೆಯಿಡಲು ಬಲವಾದ ಆಧಾರಗಳಿವೆಯೆಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಹೇಳಿತು. ಹಾಗಾದರೆ ಅವಸರವೇಕೆ ಎಂದು ಕೇಳುವವರಿದ್ದಾರೆ. ಜಗದ್ಗುರು ಆರನೆಯ ಪೌಲರು 1975ರ ಡಿಸೆಂಬರ್ 8ರಂದು ಹೊರಡಿಸಿದ ಪ್ರೇರಣಾಪತ್ರದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡು, ಅದರ ದಿಕ್ಕನ್ನೇ ತಿರುಗಿಸಿದರು: ನಾವು ಸಾರದಿದ್ದರೂ ದೇವರು ತಮ್ಮ ಕರುಣೆಯಿಂದ ಇತರರನ್ನು ರಕ್ಷಿಸಬಲ್ಲರು, ಭಯದಿಂದಲೋ ನಾಚಿಕೆಯಿಂದಲೋ ಉದಾಸೀನದಿಂದಲೋ ಸಾರದೆ ಹೋದ ನಮ್ಮ ಗತಿಯೇನು ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. ಭಯ ಹೋಗಿ ಪ್ರೀತಿ ಉಳಿದ ಮೇಲೆ ಕಾಲು ನಿಧಾನವಾಗಬೇಕಾಗಿಲ್ಲವಷ್ಟೆ.

ಇದೆಲ್ಲ ಸಿಡುಬು, ಕ್ಷಾಮಗಳ ಹಳೆಯ ಕಾಲದ ಮಾತೆಂದುಕೊಂಡಿದ್ದ ನಮ್ಮ ತಲೆಮಾರಿಗೆ 2020-21ರ ಕೋವಿಡ್ ಮಾರಿ ಬೇರೆಯೇ ಪಾಠ ಹೇಳಿತು. ದೇವಾಲಯಗಳ ಬಾಗಿಲು ಮುಚ್ಚಿದವು. ಎಷ್ಟೋ ಆಸ್ಪತ್ರೆಗಳಲ್ಲಿ ಗುರುಗಳಿಗೆ ಪ್ರವೇಶವಿರಲಿಲ್ಲ. ಪಾಪನಿವೇದನೆ, ವ್ಯಾಧಿಗ್ರಸ್ತರ ಲೇಪನ, ಪರಮಪ್ರಸಾದ, ಯಾವುದೂ ಇಲ್ಲದೆ ಜನ ಕಣ್ಮುಚ್ಚಿದರು. 2020ರ ಮಾರ್ಚ್ ತಿಂಗಳಿನಲ್ಲಿಯೇ ರೋಮಿನ ಪ್ರೇಷಿತ ಪಶ್ಚಾತ್ತಾಪ ನ್ಯಾಯಪೀಠವು ಇಂಥವರಿಗಾಗಿ ಒಂದು ಆದೇಶ ಹೊರಡಿಸಿತು. ಸಂಸ್ಕಾರಗಳನ್ನು ಪಡೆಯಲಾಗದೆ ಮರಣದ ಅಂಚಿನಲ್ಲಿರುವವರಿಗೆ ಪೂರ್ಣ ದಂಡವಿಮೋಚನೆ ದೊರೆಯುವುದೆಂದೂ, ಅದಕ್ಕೆ ಸಾಮಾನ್ಯವಾಗಿ ಬೇಕಾದ ಮೂರು ಷರತ್ತುಗಳನ್ನು ಧರ್ಮಸಭೆಯೇ ತುಂಬಿಕೊಡುವುದೆಂದೂ ತಿಳಿಸಿತು. ಶಿಲುಬೆಯೊಂದು ಕೈಯಲ್ಲಿದ್ದರೆ ಒಳ್ಳೆಯದೆಂದಿತು. ಸಾಯುವವರ ಕಡೆಯಿಂದ ಅದು ಬಯಸಿದ್ದು ಯೋಗ್ಯವಾದ ಮನಸ್ಸನ್ನು, ಮತ್ತು ಜೀವಮಾನದಲ್ಲಿ ರೂಢಿಯಾಗಿ ಕೆಲವಾದರೂ ಪ್ರಾರ್ಥನೆಗಳನ್ನು ಹೇಳಿಕೊಂಡಿರುವುದನ್ನು. ಆ ಪ್ರಾರ್ಥನೆಗಳು ಎಂದೋ ಅಡಿಗೆಮನೆಯ ಒಲೆಯ ಮುಂದೆಯೋ ಸಂಜೆಯ ಜಪಸರದ ಚಾಪೆಯ ಮೇಲೆಯೋ ಯಾರೋ ಕಲಿಸಿದವು. ಆ ತಿಂಗಳುಗಳಲ್ಲಿ ಆಸ್ಪತ್ರೆಯ ಹೊರಗೆ ನಿಂತ ಮಕ್ಕಳು ಫೋನಿನಲ್ಲಿ ಪರಲೋಕ ಜಪವನ್ನು ಒಂದೊಂದೇ ಮಾತಾಗಿ ಹೇಳುತ್ತಿದ್ದರು; ಒಳಗೆ, ಮುಸುಕು ತೊಟ್ಟ ದಾದಿಯೊಬ್ಬಳು ಅದನ್ನು ರೋಗಿಯ ಕಿವಿಯ ಹತ್ತಿರ ಹಿಡಿದಿರುತ್ತಿದ್ದಳು.